ಹಳೆಯ ಸರ್ಫ್‌ಬೋರ್ಡ್: ನೀರು ಕುಡಿದ ಫೋಮ್, ಉಬ್ಬಿದ ಡೆಕ್, ಮುರಿದ ಮೂತಿ – ಎಲ್ಲಿಂದ ಶುರು ಮಾಡುವುದು?

ಸಸಿಹಿತ್ಲು_ತೆರೆ

ಬೋರ್ಡ್ 7 ಅಡಿ 6 ಇಂಚು, ಅಗಲ 21½ ಇಂಚು. ನಡುವೆ ಉದ್ದಕ್ಕೂ ಮರದ ಪಟ್ಟಿ (ಸ್ಟ್ರಿಂಗರ್), ಹಿಂದೆ ತಳದಲ್ಲಿ ಫಿನ್ (ರೆಕ್ಕೆ) ಕೂರಿಸುವ ಉದ್ದನೆಯ ಒಂದೇ ಫಿನ್ ಬಾಕ್ಸ್. ಕಂಪನಿಯ ಗುರುತು ಅಳಿಸಿ ಹೋಗಿದೆ.

ಮೂತಿ 6 ಸೆಂ.ಮೀ.ನಷ್ಟು ಮುರಿದಿದೆ. ಡೆಕ್‌ನಲ್ಲಿ (ಮೇಲ್ಮೈಯಲ್ಲಿ) ಎದೆ ಊರುವ ಜಾಗದಲ್ಲಿ 30×18 ಸೆಂ.ಮೀ. ಉಬ್ಬಿದೆ, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಎಡಗಡೆ ರೇಲ್‌ನಲ್ಲಿ (ಪಕ್ಕದ ಅಂಚಿನಲ್ಲಿ) ಎರಡು ಬಿರುಕು, ಸುತ್ತ ಕಂದು ಕಲೆ. ಫಿನ್ ಬಾಕ್ಸ್ ಸುತ್ತ ಕೂದಲೆಳೆಯಂಥ ಸೀಳು. ಈಗಿನ ತೂಕ 5.9 ಕೆ.ಜಿ.

ಮೀನುಗಾರಿಕೆಯ ಫೈಬರ್ ದೋಣಿಗೆ ಹಾಕುವ ರೆಸಿನ್ (ಗಟ್ಟಿಯಾಗುವ ಅಂಟುದ್ರವ), ಮ್ಯಾಟ್ (ಗಾಜಿನ ಎಳೆಯ ಹಾಸು) ಇದಕ್ಕೂ ಆಗ್ತದಾ? ಯಾವುದು ಮೊದಲು, ಯಾವುದು ಆಮೇಲೆ?

ಪಡುಬಿದ್ರಿ_ರೇಲ್

ರೆಸಿನ್ ವಿಷಯ ಆಮೇಲೆ ಮಾರಾಯ್ರೆ. ಮೊದಲು ಒಳಗೆ ಯಾವ ಫೋಮ್ ಉಂಟು ಅಂತ ಗೊತ್ತಾಗಬೇಕು. ಮುರಿದ ಮೂತಿಯಿಂದ ಕಡಲೆಕಾಳಿನಷ್ಟು ಚೂರು ಕಿತ್ತು, ಬೋರ್ಡಿನಿಂದ ದೂರ ಇಟ್ಟು, ಅದರ ಮೇಲೆ ಒಂದು ಹನಿ ಅಸಿಟೋನ್ ಬಿಡಿ. ಕರಗಿ ಅಂಟಾದರೆ ಇಪಿಎಸ್, ಅಂದರೆ ಥರ್ಮೋಕೋಲ್ ಜಾತಿ. ಹಾಗೇ ಉಳಿದರೆ ಪಾಲಿಯುರೆಥೇನ್, ಅಂದರೆ ಪಿಯು. ಇಪಿಎಸ್ ಆದರೆ ಕಣ್ಣಿಗೂ ದುಂಡನೆಯ ಕಾಳುಗಳು ಕಾಣುತ್ತವೆ. ನೀವು ಹೇಳಿದ ಕಂದು ಕಲೆ ನೋಡಿದರೆ ಪಿಯು ಅನ್ನಿಸುತ್ತದೆ, ಆದರೂ ಪರೀಕ್ಷೆ ಬಿಡಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ದೋಣಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಇಪಿಎಸ್ ಫೋಮನ್ನು ಕರಗಿಸಿಬಿಡುತ್ತದೆ. ಮೇಲೆ ಪ್ಯಾಚ್ ಚಂದ ಕಾಣುತ್ತದೆ, ಒಳಗೆ ಗುಹೆ. ಎಪಾಕ್ಸಿ ಅನ್ನುವ ಇನ್ನೊಂದು ಜಾತಿಯ ರೆಸಿನ್ ಎರಡೂ ಫೋಮಿಗೆ ನಡೆಯುತ್ತದೆ. ಇನ್ನೊಂದು: ಎಪಾಕ್ಸಿ ಹಳೆಯ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕೂರುತ್ತದೆ, ಪಾಲಿಯೆಸ್ಟರ್ ಹಳೆಯ ಎಪಾಕ್ಸಿ ಮೇಲೆ ನೆಚ್ಚುವ ಹಾಗೆ ಹಿಡಿಯುವುದಿಲ್ಲ. ಬೋರ್ಡಿಗೆ ಹಿಂದೆ ಯಾರು ಏನು ಹಚ್ಚಿದ್ದಾರೋ ತಿಳಿಯದಿದ್ದರೆ ಎಪಾಕ್ಸಿಯೇ ಸುರಕ್ಷಿತ.

ಕುಂದಾಪುರ_ಲಾಂಗ್‌ಬೋರ್ಡ್

ಅದಕ್ಕಿಂತ ಮೊದಲು ಒಣಗಿಸುವುದು. ಈ ಅಳತೆಯ ಪಿಯು ಬೋರ್ಡ್ ಒಣಗಿದ್ದಾಗ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ಕೆ.ಜಿ. ಆಸುಪಾಸು ಇರುತ್ತದೆ. 5.9 ಅಂದರೆ ಒಳಗೆ ಒಂದು ಲೀಟರಿಗೂ ಹೆಚ್ಚು ನೀರು ಇರಬಹುದು. ಇದರ ಮೇಲೆ ಫೈಬರ್ ಹಾಕಿ ಮುಚ್ಚಿದರೆ ನೀರನ್ನು ಒಳಗೇ ಬೀಗ ಹಾಕಿ ಇಟ್ಟಂತೆ. ಬಿಸಿಲಿಗೆ ಅದು ಆವಿಯಾಗಿ ಪಕ್ಕದ ಚರ್ಮವನ್ನೂ (ಹೊರಗಿನ ಫೈಬರ್ ಪದರ) ಎಬ್ಬಿಸುತ್ತದೆ.

ಬಿರುಕುಗಳನ್ನು ಬ್ಲೇಡಿನಿಂದ ಅಗಲ ಮಾಡಿ ಫೋಮ್ ಕಾಣುವ ಹಾಗೆ ತೆರೆಯಿರಿ. ಉಬ್ಬಿದ ಭಾಗವನ್ನು ಹೇಗೂ ಕೊಯ್ಯಬೇಕು, ಈಗಲೇ ಕೊಯ್ಯಿರಿ. ತೆರೆದ ಜಾಗಕ್ಕೆ ಸಿಹಿನೀರು ಹರಿಸಿ ಉಪ್ಪು ತೊಳೆಯಿರಿ. ಒದ್ದೆ ಬೋರ್ಡಿಗೆ ಮತ್ತೆ ನೀರೇಕೆ ಅನ್ನಿಸಬಹುದು. ಉಪ್ಪು ಒಳಗೆ ಉಳಿದರೆ ಗಾಳಿಯ ತೇವ ಹೀರುತ್ತಲೇ ಇರುತ್ತದೆ, ನಮ್ಮ ಕರಾವಳಿಯ ಹವೆಯಲ್ಲಿ ಎಂದೂ ಪೂರ್ತಿ ಒಣಗುವುದಿಲ್ಲ.

ಆಮೇಲೆ ದೊಡ್ಡ ತೂತು ಕೆಳಗೆ ಬರುವ ಹಾಗೆ ನಿಲ್ಲಿಸಿ. ನೆರಳು, ಫ್ಯಾನ್ ಗಾಳಿ. ಎಸಿ ಕೋಣೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಅಲ್ಲಿ ಹವೆಯೇ ಒಣಗಿರುತ್ತದೆ. ಬಿಸಿಲಿಗೆ, ತಗಡಿನ ಮಾಡಿನ ಕೆಳಗೆ, ಕಾರಿನೊಳಗೆ ಬೇಡ. ವಾರಕ್ಕೊಮ್ಮೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬರೆದಿಡಿ. ಎರಡು ವಾರ ಸತತವಾಗಿ 30 ಗ್ರಾಂಗಿಂತ ಕಡಿಮೆ ಇಳಿದರೆ ಕೆಲಸ ಶುರು ಮಾಡಬಹುದು. ತಿಂಗಳಾದರೂ ಆಗಲಿ, ಕಾಯಿರಿ. ಮಳೆಗಾಲದಲ್ಲಂತೂ ಎಸಿ ಇಲ್ಲದೆ ಒಣಗಿಸುವ ಆಸೆ ಬೇಡ.

ಸಸಿಹಿತ್ಲು_ತೆರೆ

ಅಸಿಟೋನ್‌ಗೆ ಕರಗಲಿಲ್ಲ, ಪಿಯು. ಕಂದಾದ ಫೋಮ್ ಎಲ್ಲಾ ಕೆರೆದು ತೆಗೆಯಬೇಕಾ?

ಕುಂದಾಪುರ_ಲಾಂಗ್‌ಬೋರ್ಡ್

ಬಣ್ಣಕ್ಕೋಸ್ಕರ ತೆಗೆಯಬೇಡಿ. ಹೆಬ್ಬೆರಳಿನಿಂದ ಒತ್ತಿ, ಗಟ್ಟಿ ಇದ್ದರೆ ಕಂದು ಬರೀ ಕಲೆ, ಇರಲಿ. ಪುಡಿ ಪುಡಿಯಾಗಿ ಉದುರಿದರೆ ಗಟ್ಟಿ ಫೋಮ್ ಸಿಗುವ ತನಕ ಕೆರೆಯಿರಿ. ಸ್ಟ್ರಿಂಗರ್ ಮರವನ್ನೂ ಸೂಜಿಯಿಂದ ಚುಚ್ಚಿ ನೋಡಿ. ಸೂಜಿ ಸಲೀಸಾಗಿ ಇಳಿದರೆ ಅಷ್ಟು ಮರ ಕೊಳೆತಿದೆ, ಕತ್ತರಿಸಿ ಹೊಸ ತುಂಡು ಜೋಡಿಸಬೇಕು.

ಬೆಂಗಳೂರು_ಎಪಾಕ್ಸಿ

ಒಣಗುವ ಹೊತ್ತಿನಲ್ಲಿ ಮೇಣ ತೆಗೆಯುವ ಕೆಲಸ ಮುಗಿಸಿ. ಇದನ್ನು ಉಜ್ಜುವುದಕ್ಕಿಂತ ಮೊದಲು ಮಾಡಬೇಕು. ಮೇಣ ಇರುವಾಗಲೇ ಸ್ಯಾಂಡ್ ಪೇಪರ್ ಹಾಕಿದರೆ ಅದು ಗೀರುಗಳ ಒಳಗೆ ಇಳಿದು ಕೂರುತ್ತೆ, ಆಮೇಲೆ ಯಾವ ರೆಸಿನ್ನೂ ಅಲ್ಲಿ ಹಿಡಿಯಲ್ಲ. ಮೀನಿನ ಕಣ್ಣಿನ ಹಾಗೆ ಗುಂಡಿ ಗುಂಡಿಯಾಗಿ ಹಿಂದೆ ಸರಿಯುತ್ತೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಹಳೆಯ ಎಟಿಎಂ ಕಾರ್ಡಿನಲ್ಲಿ ಕೆರೆಯಿರಿ. ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಸಿಟೋನ್. ಬಟ್ಟೆ ಪ್ರತಿಸಲ ಹೊಸದು ಬೇಕು, ಅದೇ ಬಟ್ಟೆಯಲ್ಲಿ ಒರೆಸಿದರೆ ಮೇಣವನ್ನು ಹರಡಿದ ಹಾಗಾಗುತ್ತೆ. ತೆರೆದ ಫೋಮಿಗೆ ಟರ್ಪೆಂಟೈನ್ ತಾಗಿಸಬೇಡಿ.

ಮಲ್ಪೆ_ಫೈಬರ್

ಸಾಮಾನಿನ ಬಗ್ಗೆ ಹೇಳುತ್ತೇನೆ.

ದೋಣಿಗೆ ಹಾಕುವ ಚಾಪ್ಡ್ ಮ್ಯಾಟ್ ಬೇಡ. ಅದು ರೆಸಿನ್ ಬಹಳ ಕುಡಿಯುತ್ತದೆ, ಭಾರ ಬರುತ್ತದೆ. ಎಪಾಕ್ಸಿ ಜೊತೆಗಂತೂ ಬೇಡವೇ ಬೇಡ: ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ, ಮ್ಯಾಟ್ ಸೆಟೆದೇ ಇರುತ್ತದೆ. ದಪ್ಪ ನೇಯ್ಗೆಯ ರೋವಿಂಗ್ ಕೂಡ ಬೇಡ. ಅಂಗಡಿಯಲ್ಲಿ ‘200 ಜಿಎಸ್‌ಎಂ ಫೈಬರ್ ಕ್ಲಾತ್’ ಅಂತ ಕೇಳಿ, ಅಂದರೆ ಚದರ ಮೀಟರಿಗೆ 200 ಗ್ರಾಂ. ಸರ್ಫ್‌ಬೋರ್ಡ್‌ನವರು 6 ಔನ್ಸ್ ಅನ್ನುವುದು ಇದನ್ನೇ. ಒಂದು ಮೀಟರ್ ಧಾರಾಳ ಸಾಕು.

ಪಾಲಿಯೆಸ್ಟರ್‌ನಲ್ಲೇ ಮಾಡುವುದಾದರೆ ಜಿಪಿ (ಸಾಮಾನ್ಯ ಬಳಕೆಯ) ರೆಸಿನ್ ಬದಲು ಐಸೋ ರೆಸಿನ್ ತೆಗೆದುಕೊಳ್ಳಿ, ನೀರಿಗೆ ಹೆಚ್ಚು ತಡೆಯುತ್ತದೆ. ಆಕ್ಸಿಲರೇಟರ್ ಮೊದಲೇ ಸೇರಿಸಿದ ರೆಸಿನ್ನನ್ನೇ ಕೇಳಿ. ಬೇರೆ ಬೇರೆ ಕೊಟ್ಟರೆ ಒಂದು ಮಾತು ನೆನಪಿರಲಿ: ಕೋಬಾಲ್ಟ್ (ಅದೇ ಆಕ್ಸಿಲರೇಟರ್) ಮತ್ತು ಎಂಇಕೆಪಿ ಕೆಟಲಿಸ್ಟ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಲೇ ಬಾರದು. ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಮೊದಲು ಕೋಬಾಲ್ಟ್ ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಬೇರೆ ಸಿರಿಂಜಿನಲ್ಲಿ ಕೆಟಲಿಸ್ಟ್. ಒಂದೇ ಸಿರಿಂಜ್, ಒಂದೇ ಕಡ್ಡಿ ಎರಡಕ್ಕೂ ಬಳಸಬೇಡಿ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು; ರಕ್ಷಣೆಯ ಕನ್ನಡಕ ಹಾಕಿಯೇ ಮುಚ್ಚಳ ತೆರೆಯಿರಿ. ಬಿದ್ದರೆ ಆ ಕ್ಷಣವೇ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಅಲೆಗಾರ_ಕಾಪು

ನಮ್ಮ ಸೆಕೆಗೆ ಕೆಟಲಿಸ್ಟ್ ಅರ್ಧ ಪರ್ಸೆಂಟ್ ಹಾಕಿದರೆ ಸಾಕು, ಕೆಲಸ ಮಾಡಲು ಟೈಮ್ ಸಿಗುತ್ತದೆ.

ಮಲ್ಪೆ_ಫೈಬರ್

ಅರ್ಧ ಪರ್ಸೆಂಟಿಗೆ ಒಪ್ಪುವುದಿಲ್ಲ. ಹಿಡಿದ ಹಾಗೆ ಕಾಣುತ್ತದೆ, ಆದರೆ ಒಳಗೆ ಪೂರ್ತಿ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುತ್ತದೆ. ಎಷ್ಟು ದಿನ ಕಾದರೂ ಅದು ಸರಿ ಆಗುವುದಿಲ್ಲ. 1 ಪರ್ಸೆಂಟಿಗಿಂತ ಕೆಳಗೆ ಇಳಿಯಬೇಡಿ. ಟೈಮ್ ಬೇಕಾದರೆ ಬೆಳಿಗ್ಗೆ ಬೇಗ ಕೆಲಸ ಹಿಡಿಯಿರಿ, ಒಂದು ಸಲಕ್ಕೆ 50 ಗ್ರಾಂ ಮಾತ್ರ ಕಲಸಿ, ಆಳದ ಲೋಟದಲ್ಲಿ ಇಡದೆ ಅಗಲದ ತಟ್ಟೆಗೆ ಸುರಿಯಿರಿ. ರೆಸಿನ್ ಒಟ್ಟಿಗೆ ಇದ್ದಷ್ಟೂ ತನ್ನ ಬಿಸಿಗೆ ತಾನೇ ಬೇಗ ಹಿಡಿಯುತ್ತದೆ. 50 ಗ್ರಾಂ‌ಗೆ ಅರ್ಧ ಗ್ರಾಂ ಕೆಟಲಿಸ್ಟ್. ಹನಿ ಲೆಕ್ಕ ನಂಬಬೇಡಿ, 1 ಮಿ.ಲೀ. ಸಿರಿಂಜ್ ತನ್ನಿ.

ಬೆಂಗಳೂರು_ಎಪಾಕ್ಸಿ

ಎಪಾಕ್ಸಿಗೆ ಈ ಆಟ ಇಲ್ಲವೇ ಇಲ್ಲ. ಡಬ್ಬದ ಮೇಲೆ 2:1 ಅಂತ ಇದ್ದರೆ 2:1, ಬೇಗ ಹಿಡಿಯಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಮೆತ್ತಗೇ ಉಳಿಯುತ್ತೆ. ಆ ಅನುಪಾತ ತೂಕದ್ದೋ ಅಳತೆಯದ್ದೋ ಓದಿಕೊಳ್ಳಿ, ಎರಡೂ ಒಂದಲ್ಲ. 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಎರಡು ನಿಮಿಷ ಕಲಸಿ, ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ್ದು ಸರಿಯಾಗಿ ಬೆರೆತಿರುವುದಿಲ್ಲ, ಅದನ್ನು ಕೆರೆದು ಹಾಕಿದರೆ ಪ್ಯಾಚಿನಲ್ಲಿ ಅಲ್ಲಲ್ಲಿ ಅಂಟು ಉಳಿಯುತ್ತೆ.

ಕರಾವಳಿಯ ತೇವಕ್ಕೆ ಎಪಾಕ್ಸಿ ಮೇಲೆ ಎಣ್ಣೆಯಂಥ ತೆಳು ಪೊರೆ ಬರುತ್ತೆ. ಮುಂದಿನ ಕೋಟಿಗೆ ಮೊದಲು ಬರೀ ನೀರು ಮತ್ತು ಸ್ಕ್ರಬ್ಬರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಪೊರೆ ಗೀರಿನೊಳಗೆ ಸೇರುತ್ತೆ. ಮೇಣಕ್ಕೆ ಹೇಳಿದ ಕಾರಣವೇ.

ಸಸಿಹಿತ್ಲು_ತೆರೆ

ತೂಕ 4.6ಕ್ಕೆ ಇಳಿದು ನಿಂತಿದೆ. ಎಪಾಕ್ಸಿ ಅಂತಲೇ ತೀರ್ಮಾನ. ಡೆಕ್‌ನ ಉಬ್ಬಿಗೆ ಎರಡು ತೂತು ಕೊರೆದು ಸಿರಿಂಜಿನಲ್ಲಿ ರೆಸಿನ್ ತುಂಬಿಸಿ ಮೇಲೆ ಭಾರ ಇಡುವ ವಿಡಿಯೋಗಳು ಬಹಳ ಇವೆ. ಅದು ಸಾಲದೇ?

ಪಡುಬಿದ್ರಿ_ರೇಲ್

ಅಂಗೈಯಷ್ಟು ಉಬ್ಬಿಗೆ ಆ ಉಪಾಯ ಸಾಕು. ಒಂದು ತೂತಿನಿಂದ ತುಂಬಿಸಿ, ಇನ್ನೊಂದರಿಂದ ರೆಸಿನ್ ಹೊರಗೆ ಬರುವ ತನಕ ತಳ್ಳಿ, ಪ್ಲಾಸ್ಟಿಕ್ ಹಾಳೆ ಹಾಸಿ ಮರಳುಚೀಲ ಇಡುವುದು. 30×18ಕ್ಕೆ ಅದು ಸಾಲದು. ಕೆಳಗಿನ ಫೋಮ್ ಕುಗ್ಗಿ ಹೊಂಡ ಬಿದ್ದಿರುತ್ತದೆ, ರೆಸಿನ್ ತಗ್ಗಿದ ಕಡೆ ಹೋಗಿ ಕೂರುತ್ತದೆ, ಉಳಿದ ಕಡೆ ಹಿಡಿಯುವುದೇ ಇಲ್ಲ. ಮೇಲಾಗಿ ಸುಮ್ಮನೆ ಕಾಲು ಕೆ.ಜಿ. ಭಾರ.

ಕೊಯ್ದು ತೆಗೆದ ಚರ್ಮ ಒಡೆಯದೆ ಬಂದಿದ್ದರೆ ಅದನ್ನೇ ಮತ್ತೆ ಕೂರಿಸಿ. ಒಳಮೈಗೆ ಅಂಟಿದ ಫೋಮ್ ಪುಡಿ ಕೆರೆದು 80ರ (ಒರಟು) ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಹೊಂಡ ಸರಾಸರಿ 2 ಮಿ.ಮೀ. ಅಂದುಕೊಂಡರೆ ಸುಮಾರು 108 ಮಿ.ಲೀ. ಮಿಶ್ರಣ ಬೇಕು. 70 ಗ್ರಾಂ ಎಪಾಕ್ಸಿ, ಲೋಟದ ಅಳತೆಯಲ್ಲಿ ಅಷ್ಟೇ ಮೈಕ್ರೋಬಲೂನ್ ಪುಡಿ (ಒಳಗೆ ಟೊಳ್ಳಾದ ಅತಿ ಸಣ್ಣ ಗುಂಡುಗಳ ಹಗುರ ಪುಡಿ) ಕಲಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ, ದೋಸೆ ಹಿಟ್ಟಿನ ಹದ. ಮೊದಲು ಫೋಮಿಗೆ ಪುಡಿ ಇಲ್ಲದ ಎಪಾಕ್ಸಿ ತೆಳ್ಳಗೆ ಒಂದು ಸಲ ಸವರಿ. ಇಲ್ಲದಿದ್ದರೆ ಒಣ ಫೋಮ್ ಮಿಶ್ರಣದಿಂದ ರೆಸಿನ್ ಹೀರಿ ಅಂಟು ಬಡವಾಗುತ್ತದೆ. ಆಮೇಲೆ ಮಿಶ್ರಣ ಹರಡಿ, ನಡುವಿನಲ್ಲಿ ಸ್ವಲ್ಪ ಹೆಚ್ಚು. ಚರ್ಮ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಹೊರಡಿಸಿ. ಪಾಲಿಥೀನ್ ಹಾಳೆ, ಅದರ ಮೇಲೆ ಮರಳುಚೀಲ, 24 ಗಂಟೆ. ಇಟ್ಟಿಗೆ, ಕಲ್ಲು ಇಡಬೇಡಿ. ಡೆಕ್ ಬಾಗಿದೆ, ಮರಳು ಮಾತ್ರ ಅದರ ಆಕಾರಕ್ಕೆ ಹೊಂದುತ್ತದೆ.

ಮರುದಿನ ಅಂಚಿನ ಸುತ್ತ 4 ಸೆಂ.ಮೀ. ಅಗಲಕ್ಕೆ ಹೊಳಪು ಹೋಗುವ ತನಕ ಉಜ್ಜಿ. ಎರಡು ತುಂಡು ಬಟ್ಟೆ: ಮೊದಲನೆಯದು 34×22, ಅದರ ಮೇಲೆ 38×26. ಎರಡೂ ಸೇರಿ 35 ಗ್ರಾಂ ಬಟ್ಟೆ, 60 ಗ್ರಾಂ ಎಪಾಕ್ಸಿ ಕಲಸಿದರೆ ಪೋಲಾಗುವುದೂ ಸೇರಿ ಸಾಕು. ಕಾರ್ಡಿನಿಂದ ಎಳೆದು ಹೆಚ್ಚಿನದ್ದನ್ನು ತೆಗೆಯಿರಿ. ನೇಯ್ಗೆಯ ಗುರುತು ಕಾಣಬೇಕು, ಆದರೆ ಬಿಳಿ ಚುಕ್ಕೆ ಇರಬಾರದು. ಬಿಳಿ ಅಂದರೆ ರೆಸಿನ್ ಸಾಲದು, ಹೊಳೆಯುವ ಕೊಳ ಅಂದರೆ ಹೆಚ್ಚು.

ಕುಂದಾಪುರ_ಲಾಂಗ್‌ಬೋರ್ಡ್

ಮೂತಿಗೆ ರೆಸಿನ್ ಸುರಿದು ಅಚ್ಚು ಹೊಯ್ಯಲು ಹೋಗಬೇಡಿ. 2 ಸೆಂ.ಮೀ. ಆದರೆ ಸೈ, 6 ಸೆಂ.ಮೀ. ಆದರೆ ಬೋರ್ಡಿನ ತುದಿಗೆ ಕಲ್ಲು ಕಟ್ಟಿದಷ್ಟು ಭಾರ, ತಿರುಗಿಸುವಾಗ ಪ್ರತಿಸಲ ತಿಳಿಯುತ್ತದೆ. ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಪಫ್ ಪ್ಯಾನೆಲ್‌ನ ತುಂಡು ಹುಡುಕಿ. ಅದೂ ಪಿಯು ಫೋಮೇ, ಸಾಂದ್ರತೆಯೂ ಹತ್ತಿರ. ಡಬ್ಬದಿಂದ ಸಿಂಪಡಿಸುವ, ಬಾಗಿಲ ಸಂದಿಗೆ ತುಂಬುವ ಫೋಮ್ ಬೇಡ. ಗಂಟೆಗಟ್ಟಲೆ ಉಬ್ಬುತ್ತಾ ಹೋಗಿ ಪಕ್ಕದ ಚರ್ಮ ಎಬ್ಬಿಸುತ್ತದೆ, ಒಳಗೆ ಗುಳ್ಳೆಗಳು, ಉಜ್ಜಲೂ ಬರುವುದಿಲ್ಲ.

ಮುರಿದ ಅಂಚನ್ನು ಗರಗಸದಲ್ಲಿ ನೇರ ಕತ್ತರಿಸಿ. ಸ್ಟ್ರಿಂಗರ್ ಮಾತ್ರ ಓರೆಯಾಗಿ ಕತ್ತರಿಸಿ, ಹೊಸ ಮರದ ಪಟ್ಟಿಯನ್ನೂ ಅದೇ ಓರೆಗೆ ಕೂರಿಸಿ. ನೇರ ಜೋಡಣೆ ಮೊದಲ ಪೆಟ್ಟಿಗೇ ಬಿಡುತ್ತದೆ. ಫೋಮ್ ತುಂಡನ್ನು ಬೇಕಾದ್ದಕ್ಕಿಂತ ಒಂದು ಸೆಂ.ಮೀ. ದೊಡ್ಡದಾಗಿ ಅಂಟಿಸಿ, ಆಮೇಲೆ ಕೆತ್ತಿ. ಆಕಾರಕ್ಕೆ ರಟ್ಟು ಸಾಕು: ಒಂದು ಪಕ್ಕ ಉಳಿದಿದ್ದರೆ ಸ್ಟ್ರಿಂಗರ್‌ನ ಗೆರೆಗೆ ರಟ್ಟಿನ ಅಂಚು ಇಟ್ಟು ಗುರುತು ಮಾಡಿ, ಮಗುಚಿ ಇನ್ನೊಂದು ಪಕ್ಕಕ್ಕೆ ಎಳೆಯಿರಿ. ಎರಡೂ ಹೋಗಿದ್ದರೆ ಹಿಂದಿನ ಗೆರೆಯನ್ನು ಬಾಗುವ ಪ್ಲಾಸ್ಟಿಕ್ ಪಟ್ಟಿಯಿಂದ ಮುಂದುವರಿಸಿ. ಬಟ್ಟೆ ಎರಡು ಪದರ, ಡೆಕ್‌ನಿಂದ ತಳಕ್ಕೆ ಸುತ್ತಿ. ತಿರುವಿನಲ್ಲಿ ಕತ್ತರಿಯಿಂದ ಸೀಳು ಹಾಕದಿದ್ದರೆ ಮಡಿಕೆ ಏಳುತ್ತದೆ.

ರೇಲ್‌ನ ಬಿರುಕುಗಳಿಗೆ ಅದೇ ಮೈಕ್ರೋಬಲೂನ್ ಮಿಶ್ರಣ ಗಟ್ಟಿಯಾಗಿ ಕಲಸಿ ತುಂಬಿ. ಸುತ್ತಲಿನ ಮಟ್ಟಕ್ಕಿಂತ ಒಂದು ಮಿ.ಮೀ. ಕೆಳಗೆ ನಿಲ್ಲಿಸಿ, ಬಟ್ಟೆ ಕೂರಲು ಜಾಗ ಬೇಕು.

ಅಲೆಗಾರ_ಕಾಪು

ಎಂ-ಸೀಲ್ ತುಂಬಿ ಮೇಲೆ ಬಟ್ಟೆ ಹಾಕಿದರೆ ಆಗುವುದಿಲ್ಲವಾ?

ಮಲ್ಪೆ_ಫೈಬರ್

ನೀರು ಒಳಗೆ ಹೋಗುವುದು ನಿಲ್ಲುತ್ತದೆ. ಆದರೆ ಅದು ಭಾರ, ಸುತ್ತಲಿನ ಫೋಮಿಗಿಂತ ಎಷ್ಟೋ ಪಟ್ಟು ಗಡಸು. ಬೋರ್ಡ್ ಅಲೆಯಲ್ಲಿ ಬಾಗುವಾಗ ಗಡಸು ಗಂಟು ಬಾಗುವುದಿಲ್ಲ, ಅದರ ಅಂಚಿನಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಕಡಲ ತಡಿಯಲ್ಲಿ ಅರ್ಧ ದಿನದ ತುರ್ತಿಗೆ ಸರಿ. ತುರ್ತಿಗೆ ಬಿಸಿಲಿಗೆ ಹಿಡಿಯುವ ಯುವಿ ರೆಸಿನ್ ಟ್ಯೂಬ್ ಇನ್ನೂ ಒಳ್ಳೆಯದು, ತೆಳ್ಳಗೆ ಹಚ್ಚಿದರೆ ಮಾತ್ರ. ದಪ್ಪ ತುಂಬಿದರೆ ಬೆಳಕು ಕೆಳಗೆ ಇಳಿಯದೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಗೋಲ್ಡ್‌ಕೋಸ್ಟ್_ಕನ್ನಡಿಗ

ಫಿನ್ ಬಾಕ್ಸ್ ಬಗ್ಗೆ ಯಾರೂ ಹೇಳಿಲ್ಲ. ಈ ಬೋರ್ಡ್ ನೀರು ಕುಡಿದದ್ದು ಬಹುಶಃ ಅಲ್ಲಿಂದಲೇ. ಬೋರ್ಡ್ ತಂಪಾಗಿರುವಾಗ ಬಾಕ್ಸ್ ಸುತ್ತ ಸೋಪಿನ ನೀರು ಹಚ್ಚಿ ಐದು ನಿಮಿಷ ಎಳೆಬಿಸಿಲಿಗೆ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಸೀಳಿನಲ್ಲಿ ಗುಳ್ಳೆ ಏಳುತ್ತದೆ. ಫಿನ್ ಹಾಕಿ ಅಕ್ಕಪಕ್ಕ ಅಲುಗಾಡಿಸಿ: ಬಾಕ್ಸ್ ಅಲುಗದಿದ್ದರೆ ಸೀಳನ್ನು ವಿ ಆಕಾರಕ್ಕೆ ತೆರೆದು, ಎಪಾಕ್ಸಿ ಇಳಿಸಿ, ಮೇಲೆ ಬಟ್ಟೆಯ ಪಟ್ಟಿ ಹಾಕಿದರೆ ಸಾಕು. ಅಲುಗಿದರೆ ಬಾಕ್ಸನ್ನೇ ತೆಗೆಯಬೇಕು.

ಉದ್ದನೆಯ ಬಾಕ್ಸ್ ಸಾಮಾನ್ಯವಾಗಿ 10½ ಇಂಚು. ತೆಗೆಯುವ ಮೊದಲೇ ಬಾಲದ ತುದಿಯಿಂದ ಅದರ ದೂರ, ಸ್ಟ್ರಿಂಗರ್‌ನ ನೇರ ಎರಡನ್ನೂ ಗುರುತು ಮಾಡಿ. ರೌಟರ್ (ಕೊರೆಯುವ ಯಂತ್ರ) ಹಿಡಿಯುವಾಗ ಆಳದ ತಡೆ ಹಾಕಿಯೇ ಹಿಡಿಯಿರಿ, ಬಾಲದ ಕಡೆ ಬೋರ್ಡ್ ತೆಳು, ಆಳ ಹೆಚ್ಚಾದರೆ ಡೆಕ್ ತೂತಾಗುತ್ತದೆ. ಹೊಸ ಬಾಕ್ಸಿನ ಹೊರಮೈ ಒರಟಾಗಿ ಉಜ್ಜಿ, ಫಿನ್ ಕೂರುವ ಸೀಳಿಗೆ ಟೇಪ್ ಅಂಟಿಸಿ. ರೆಸಿನ್ ಒಳಗೆ ಹೋದರೆ ಫಿನ್ ಕೂರುವುದಿಲ್ಲ. ಗುಂಡಿಗೆ ಬಟ್ಟೆ ಹಾಸಿ, ಮಿಲ್ಡ್ ಫೈಬರ್ (ಪುಡಿ ಮಾಡಿದ ಗಾಜಿನ ಎಳೆ) ಕಲಸಿದ ಎಪಾಕ್ಸಿ ಹಾಕಿ. ಇಲ್ಲಿ ಮೈಕ್ರೋಬಲೂನ್ ಬೇಡ, ಅದು ಹಗುರ ಆದರೆ ದುರ್ಬಲ. ಎರಡು ಸಲವಾಗಿ ಸುರಿಯಿರಿ, ಒಂದೇ ಸಲಕ್ಕೆ ತುಂಬಿದರೆ ಬಿಸಿಗೆ ಫೋಮ್ ಸುಟ್ಟು ಸಂದಿ ಬಿಡುತ್ತದೆ.

ಗುರುತು ಅಳಿಸಿದೆ ಅಂದಿರಿ. ಪೂರ್ತಿ ಉಜ್ಜುವ ಮೊದಲು ಸ್ಟ್ರಿಂಗರ್ ಮೇಲೆ, ಬಾಲದ ಹತ್ತಿರ ಪೆನ್ಸಿಲ್ ಬರಹ ಇದೆಯೇ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬೋರ್ಡ್ ಕೆತ್ತಿದವರು ಅಳತೆ, ಸಹಿ, ಸಂಖ್ಯೆ ಅಲ್ಲಿ ಬರೆಯುತ್ತಾರೆ, ಅದು ಫೈಬರ್ ಚರ್ಮದ ಕೆಳಗೆ ಉಳಿದಿರುತ್ತದೆ. ಫೋಮ್ ಬೋರ್ಡುಗಳು ನೆಲೆ ಕಂಡದ್ದು 1950ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಕೈಯಲ್ಲಿ. ಅಮೆರಿಕದಲ್ಲಿ ಬೋರ್ಡ್ ಕೆತ್ತುವ ಬಹುಪಾಲು ಶೇಪರ್‌ಗಳಿಗೆ ಫೋಮ್ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ 2005ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. 60–70ರ ದಶಕದ ಬೋರ್ಡ್ ಆಗಿದ್ದರೆ ಹಳದಿ ಬಣ್ಣ, ಹಳೆಯ ಗೀರು ಎಲ್ಲವೂ ಅದರ ಚರಿತ್ರೆ. ಅಂಥದ್ದಕ್ಕೆ ನೀರು ನಿಲ್ಲಿಸುವಷ್ಟೇ ದುರಸ್ತಿ ಮಾಡಿ, ಮೈಯೆಲ್ಲ ಉಜ್ಜಿ ಬಿಳಿ ಮಾಡಬೇಡಿ.

ಸಸಿಹಿತ್ಲು_ತೆರೆ

ಪೆನ್ಸಿಲಿನಲ್ಲಿ ಅಳತೆ ಮಾತ್ರ ಇದೆ, ಸಹಿ ಇಲ್ಲ. ಸವಾರಿಗೆ ಬಳಸುವ ಬೋರ್ಡ್ ಅಂತಲೇ ಮಾಡುತ್ತೇನೆ. ಬಾಕ್ಸ್ ಅಲುಗುತ್ತಿಲ್ಲ. ಉಜ್ಜುವ ಕ್ರಮ, ಬಣ್ಣ ಹೇಳಿ.

ಬೆಂಗಳೂರು_ಎಪಾಕ್ಸಿ

ಬಟ್ಟೆ ಹಿಡಿದ ಮೇಲೆ ನೇರ ಉಜ್ಜಬೇಡಿ. ಮೊದಲು ನೇಯ್ಗೆ ಮುಚ್ಚುವಷ್ಟು ಎಪಾಕ್ಸಿ ಕೋಟ್ ಒಂದು. ಡೆಕ್ ಪ್ಯಾಚಿಗೆ 30–40 ಗ್ರಾಂ ಸಾಕು. ಪೂರ್ತಿ ಗಟ್ಟಿಯಾದ ಮೇಲೆ ಅಂಚಿಗೆ 80, ಆಮೇಲೆ 120, 220. ಪೇಪರನ್ನು ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬೆರಳಿನಲ್ಲಿ ಹಿಡಿದರೆ ಅಲೆ ಅಲೆಯಾಗಿ ಸವೆಯುತ್ತೆ. ರೇಲ್ ಮೇಲೆ ಮಾತ್ರ ಮೆತ್ತನೆಯ ಸ್ಪಾಂಜ್. ನೇಯ್ಗೆಯ ಚೌಕುಳಿ ಕಾಣಿಸಿದ ತಕ್ಷಣ ನಿಲ್ಲಿಸಿ, ಎಳೆ ಕತ್ತರಿಸಿದರೆ ಬಲ ಅಲ್ಲೇ ಹೋಯಿತು. ಕಂಡೇಬಿಟ್ಟರೆ ಇನ್ನೊಂದು ತೆಳು ಕೋಟ್ ಹಾಕಿ ಮತ್ತೆ ಉಜ್ಜಿ. ಕೊನೆಗೆ ನೀರು ಹಾಕಿ 400ರ ವಾಟರ್ ಪೇಪರ್. ಹೊಳಪು ಬೇಕಾದವರು 600, 1000 ದಾಟಿ ಕಾರಿನ ರಬ್ಬಿಂಗ್ ಕಾಂಪೌಂಡ್. ಡೆಕ್ ಮೇಲೆ ಹೇಗೂ ಮೇಣ ಬರುತ್ತೆ, ಅಲ್ಲಿ ಅಷ್ಟು ಶ್ರಮ ಬೇಡ.

ಫೈಬರ್ ಪುಡಿಗೆ ಬಟ್ಟೆಯ ಮಾಸ್ಕ್ ಸಾಲದು, ಎನ್95 ಹಾಕಿ. ರೆಸಿನ್ ಆವಿಗೆ ಅದೂ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್. ಎಪಾಕ್ಸಿ ಚರ್ಮಕ್ಕೆ ತಾಗುತ್ತಾ ಬಂದರೆ ಒಂದು ದಿನ ಅಲರ್ಜಿಯಾಗಿ ನಿಲ್ಲುತ್ತೆ, ಆಮೇಲೆ ಅದರ ಹತ್ತಿರ ಹೋಗಲಿಕ್ಕೂ ಆಗಲ್ಲ.

ಪಡುಬಿದ್ರಿ_ರೇಲ್

ಬಣ್ಣ 220ರ ನಂತರ. ನೀರಿನ ಅಕ್ರಿಲಿಕ್ ತೆಳ್ಳಗೆ ಎರಡು ಕೋಟ್, ಪೂರ್ತಿ ಒಣಗಿದ ಮೇಲೆ ಎಪಾಕ್ಸಿಯಿಂದ ಮುಚ್ಚಿ. ಗೇಟಿಗೆ ಹೊಡೆಯುವ ಎನಾಮೆಲ್ ಬೇಡ, ಮೇಲಿನ ರೆಸಿನ್ ಅದಕ್ಕೆ ಹಿಡಿಯದೆ ಹಾಳೆ ಹಾಳೆಯಾಗಿ ಏಳುತ್ತದೆ. ಕಂದು ಕಲೆ ಮುಚ್ಚಲು ಕಡುನೀಲಿ, ಕಪ್ಪು ಹೊಡೆಯುವವರು ಇದ್ದಾರೆ. ನಮ್ಮ ಬಿಸಿಲಿಗೆ ಅದು ಡೆಕ್ ಎಬ್ಬಿಸುವುದಕ್ಕೇ ಕೊಟ್ಟ ಆಹ್ವಾನ. ಬಿಳಿ, ಕೆನೆ, ತಿಳಿಹಳದಿ, ಇದರೊಳಗೇ ಇರಿ.

ಸಸಿಹಿತ್ಲು_ತೆರೆ

ನೀರಿಗೆ ಇಳಿಸುವುದು ಯಾವಾಗ?

ಮಲ್ಪೆ_ಫೈಬರ್

ಪಾಲಿಯೆಸ್ಟರ್ ಆಗಿದ್ದರೆ ಎರಡು ದಿನ. ಎಪಾಕ್ಸಿ ಮುಟ್ಟಲು ಮರುದಿನವೇ ಗಟ್ಟಿ, ಆದರೆ ಪೂರ್ತಿ ಬಲ ಬರಲು ಒಂದು ವಾರ ಕೊಡಿ.

ಕುಂದಾಪುರ_ಲಾಂಗ್‌ಬೋರ್ಡ್

ಇಳಿಸುವ ಮೊದಲು ತೂಗಿ ಬರೆದಿಡಿ. 4.6 ಇದ್ದದ್ದು ಮೂತಿ, ಡೆಕ್, ಬಣ್ಣ ಎಲ್ಲ ಸೇರಿ 4.9ರ ಒಳಗೆ ಇರಬೇಕು. ಮೊದಲ ಸಲ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮರುದಿನ ಮತ್ತೆ ತೂಗಿ. 50 ಗ್ರಾಂ ಹೆಚ್ಚಾಗಿದ್ದರೂ ಎಲ್ಲೋ ಒಂದು ಸೀಳು ಉಳಿದಿದೆ. ಸೋಪಿನ ನೀರು ಹಿಡಿದು ಫಿನ್ ಬಾಕ್ಸ್, ಲೀಶ್ ಪ್ಲಗ್ (ಕಾಲಿಗೆ ಕಟ್ಟುವ ಹಗ್ಗ ಸಿಕ್ಕಿಸುವ ಜಾಗ), ಮೂತಿಯ ಜೋಡಣೆ, ಈ ಕ್ರಮದಲ್ಲಿ ಹುಡುಕಿ.